ಹಾಜಬ್ಬರ ಹೆಡ್‌ಫೋನು ಪಳಗಿಸಿದ್ದು

ಕಾಪುವಿನಲ್ಲಿ ಒಂದು ಕಾಲದಲ್ಲಿ ಕಿವಿ ಎಂದರೆ ವಿಷ್ಣುಮೂರ್ತಿ ರಾಯರದ್ದು. ಉಳಿದವರಿಗೂ ತಲೆಯ ಎರಡು ಬದಿಯಲ್ಲಿ ಏನೋ ಇತ್ತು. ಕನ್ನಡಕ ಸಿಕ್ಕಿಸಲು, ಬೀಡಿ ಇಟ್ಟುಕೊಳ್ಳಲು ಉಪಯೋಗಕ್ಕೆ ಬರುತ್ತಿತ್ತು. ಆದರೆ ಸಂಗೀತ ಕೇಳುವ ಕೆಲಸವನ್ನು ಊರು ರಾಯರಿಗೆ ವಹಿಸಿಕೊಟ್ಟು ನಿಶ್ಚಿಂತೆಯಿಂದ ಇತ್ತು.

ಈ ಕೀರ್ತಿ ಅವರಿಗೆ ಬಂದದ್ದು ಒಂದು ಜಿರಳೆಯಿಂದ. ಕೆಲವು ವರ್ಷಗಳ ಹಿಂದೆ ಉಡುಪಿಯಲ್ಲಿ ಒಂದು ಮದುವೆ. ಎಲೆ ಹಾಕುವುದು ತಡವಾಗಿತ್ತು, ಸ್ಯಾಕ್ಸೋಫೋನಿನವನು ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಕಾಪುವಿನ ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದ ರಾಯರು ಹಸಿವಿನ ಸಿಟ್ಟಿನಲ್ಲಿ, "ಶ್ರುತಿ ಒಂದು ಕೂದಲೆಳೆಯಷ್ಟು ಇಳಿದಿದೆ" ಎಂದುಬಿಟ್ಟರು. ಮಾತು ವಾದಕನಿಗೆ ಕೇಳಿತು. ಅವನು ಅವಮಾನದಿಂದ ವಾದ್ಯವನ್ನು ತಲೆಕೆಳಗು ಮಾಡಿ ಕೊಡವಿದ. ಒಳಗಿನಿಂದ ದಪ್ಪ ಜಿರಳೆಯೊಂದು ಬಿದ್ದು ಮದುಮಗಳ ಕಡೆಗೆ ಓಡಿತು.

ಅಂದಿನಿಂದ ಮದುವೆಯಿರಲಿ, ಹರಿಕಥೆಯಿರಲಿ, ಜನ ಮೊದಲು ನೋಡುವುದು ರಾಯರ ತಲೆಯನ್ನು. ಅದು ಆಡಿದರೆ ಹಾಡು ಚಂದ ಉಂಟು ಎಂದು ತಿಳಿದು ತಾವೂ ತಲೆ ಆಡಿಸುತ್ತಿದ್ದರು. ಒಮ್ಮೆ ನೊಣ ಓಡಿಸಲು ರಾಯರು ತಲೆ ಕೊಡವಿದ್ದಕ್ಕೆ ಹರಿಕಥೆ ದಾಸರೊಬ್ಬರಿಗೆ ಶಾಲು ಸಿಕ್ಕಿತ್ತು.

ಎಂಬತ್ತಮೂರನೇ ಇಸವಿಯ ಆರಂಭದಲ್ಲಿ ರಾಯರ ಬಾಲ್ಯದ ಗೆಳೆಯ ಹಾಜಬ್ಬರು ದುಬಾಯಿಯಿಂದ ಬಂದರು. ಅವರು ಅಲ್ಲಿ ಬಹಳ ವರ್ಷದಿಂದ ಇದ್ದವರು. ಆಗೊಮ್ಮೆ ಈಗೊಮ್ಮೆ ಬರುವುದು, ಸೆಂಟು ಸೋಪು ಹಂಚುವುದು, ಮನೆಯವರು ಮುಖದ ಗುರುತು ಹಿಡಿಯುವಷ್ಟರಲ್ಲಿ ಹೊರಡುವುದು. ಈ ಸಲ ಮನೆ ಹೊಕ್ಕಾಗ ಸಣ್ಣ ಮಗಳು ಜುಬೈದಾ ತಾಯಿಯ ಹಿಂದೆ ಅಡಗಿ ನಿಂತು, "ಈ ನೆಂಟರು ಯಾವಾಗ ಹೋಗುವುದು?" ಎಂದು ಕೇಳಿದಳು. ಹಾಜಬ್ಬರಿಗೆ ಆ ಮಾತು ತಾಗಿತು. ಅವರ ಹೆಂಡತಿ ಆಯಿಶಮ್ಮನಿಗೆ ಇನ್ನೂ ಹೆಚ್ಚು ತಾಗಿತು. ಇನ್ನು ದುಬಾಯಿ ಬೇಡ, ಕಾಪುವಿನಲ್ಲೇ ಒಂದು ಅಂಗಡಿ ಹಾಕುವುದು ಎಂದು ಗಂಡ ಹೆಂಡತಿ ನಿಶ್ಚಯಿಸಿದರು.

ಒಪ್ಪದವರು ಒಬ್ಬರೇ, ಆಯಿಶಮ್ಮನ ತಂದೆ ಪುತ್ತುಬ್ಬ. ಆದಿ ಉಡುಪಿಯ ಮಾರುಕಟ್ಟೆ ಯಾರ್ಡಿನಲ್ಲಿ ಬಾಳೆಗೊನೆಯ ವ್ಯಾಪಾರ ಮಾಡುವ ಹಿರಿಯರು. "ಅಂಗಡಿ ನಡೆದರೆ ಒಳ್ಳೆಯದೇ. ನಡೆಯದಿದ್ದರೆ ವೀಸಾ ಮುಗಿಯುವ ಮೊದಲು ವಿಮಾನ ಹತ್ತಬೇಕು. ಅಷ್ಟೇ ನನ್ನ ಮಾತು" ಎಂದರು. ಹೀಗಾಗಿ ಹಾಜಬ್ಬರ ದೊಡ್ಡ ಸೂಟ್‌ಕೇಸು ಅಟ್ಟಕ್ಕೆ ಹೋಗದೆ ಬಾಗಿಲ ಪಕ್ಕದಲ್ಲೇ ನಿಂತಿತು.

ಬಸ್ಸು ನಿಲ್ಲುವಲ್ಲಿಗೆ ಎದುರಾಗಿ 'ಹಾಜಬ್ಬ ಫ್ಯಾನ್ಸಿ' ತೆರೆಯಿತು. ಟಾರ್ಚು, ಗಡಿಯಾರ, ಕೊಡೆ ಎಲ್ಲ ಇತ್ತು. ಆದರೆ ಹಾಜಬ್ಬರ ಭರವಸೆಯೆಲ್ಲ ಇದ್ದದ್ದು ಒಂದು ಡಜನು ಹೆಡ್‌ಫೋನಿನ ಮೇಲೆ. ಟಾರ್ಚು ಎಲ್ಲರೂ ಮಾರುತ್ತಾರೆ, ಹೆಡ್‌ಫೋನು ಉಡುಪಿಯಲ್ಲೂ ಸಿಕ್ಕುವುದು ಕಷ್ಟ. ಮಣಿಪಾಲದ ಕಾಲೇಜಿನವರು ಇದಕ್ಕಾಗಿ ಬಸ್ಸು ಹತ್ತಿ ಬರುತ್ತಾರೆ ಎಂದು ಅವರ ಲೆಕ್ಕಾಚಾರ. ಅದರಲ್ಲಿ ಒಂದನ್ನು ಮಾರಾಟಕ್ಕೆ ಇಡದೆ ಗೆಳೆಯನಿಗೆ ಎತ್ತಿಟ್ಟಿದ್ದರು.

ಅಂಗಡಿ ತೆರೆಯುವ ಮೊದಲಿನ ಭಾನುವಾರ ರಾಯರನ್ನು ಮನೆಗೆ ಕರೆದಿದ್ದರು. ಜಗಲಿಯಲ್ಲಿ ನೆರೆಕರೆಯವರೆಲ್ಲ ಸೇರಿದ್ದರು. ಮಟ್ಟುವಿನಿಂದ ಶೇಖರ ಬಂದಿದ್ದ. ಹಗಲು ಗುಳ್ಳ ಬದನೆ ಬೆಳೆಸಿ ರಾತ್ರಿ ಯಕ್ಷಗಾನಕ್ಕೆ ಮದ್ದಳೆ ಬಾರಿಸುವವನು. ರಾಯರ ಹೆಂಡತಿ ನರ್ಮದಾ ಒಳಗೆ ಆಯಿಶಮ್ಮನ ಜೊತೆ ಇದ್ದರು. ಹಾಜಬ್ಬರು ಪೆಟ್ಟಿಗೆಯಿಂದ ಹೆಡ್‌ಫೋನು ತೆಗೆದರು. ಎರಡು ತೆಂಗಿನ ಗೆರಟೆಯನ್ನು ಒಂದು ಬಿಲ್ಲಿಗೆ ಕಟ್ಟಿದ ಹಾಗೆ ಇತ್ತು.

"ವಿಷ್ಣು, ಇದು ನಿನಗೆ. ಕಾಪುವಿನಲ್ಲಿ ಇದು ಹಾಕುವ ತಲೆ ಬೇರೆ ಯಾವುದು ಉಂಟು ಮಾರಾಯ? ಮೊದಲು ನಾನು ಸ್ವಲ್ಪ ಕೇಳಿ ನೋಡಿದೆ. ನಮ್ಮ ಕಿವಿಯ ಮಾತು ಬಿಡು. ನೀನು ಹೇಳು."

ರಾಯರು ಹೆಡ್‌ಫೋನು ಧರಿಸಿದರು. ಹಾಜಬ್ಬರು ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದರು. ರಾಯರು ಕಣ್ಣು ಮುಚ್ಚಿದರು.

ರಾಯರಿಗೆ ಕೇಳಿದ್ದು ಹೀಗೆ: ಯಾರೋ ಬಾವಿಯೊಳಗೆ ಇಳಿದು, ಮೇಲೆ ಹಲಗೆ ಮುಚ್ಚಿಸಿಕೊಂಡು, ಬಾಯಿಗೆ ಬಟ್ಟೆ ತುರುಕಿ ಹಾಡುತ್ತಿದ್ದರು. ರಾಯರು ಕಣ್ಣು ಬಿಟ್ಟರು. ಎದುರಿಗೆ ಹಾಜಬ್ಬರು ಎರಡು ಕೈ ಜೋಡಿಸಿ ಮುಖ ಮುಖ ನೋಡುತ್ತಿದ್ದಾರೆ. ಚಂದ ಇಲ್ಲ ಎಂದರೆ ಗೆಳೆಯನ ಅಂಗಡಿ ತೆರೆಯುವ ಮೊದಲೇ ಮುಚ್ಚಿದ ಹಾಗೆ. ಚಂದ ಉಂಟು ಎಂದರೆ ನಾಳೆ ಇನ್ನೊಬ್ಬ ಕೇಳಿ, ಇದನ್ನಾ ರಾಯರು ಚಂದ ಎಂದದ್ದು, ಎಂದು ನಕ್ಕಾನು. ಹೀಗೆ ಇಕ್ಕಟ್ಟಿನಲ್ಲಿದ್ದಾಗ ಅವರ ಕಣ್ಣಿಗೆ ಅಡಿಗೆಮನೆಯ ಬಾಗಿಲಲ್ಲಿ ಒರಗಿಸಿಟ್ಟ ಹೊಸ ಕಬ್ಬಿಣದ ಕಾವಲಿ ಬಿತ್ತು. ಆಯಿಶಮ್ಮ ಅದಕ್ಕೆ ಎಣ್ಣೆ ಸವರಿ ಇಟ್ಟಿದ್ದರು.

"ಸಾಮಾನು ಒಳ್ಳೆಯದೇ" ಎಂದರು ರಾಯರು ಗಂಭೀರವಾಗಿ. "ಆದರೆ ಹೊಸತು ಅಲ್ವಾ? ಹೊಸ ಕಾವಲಿಯಲ್ಲಿ ಮೊದಲ ದೋಸೆ ಏಳುತ್ತದಾ? ಪಳಗಬೇಕು. ಇದೂ ಹಾಗೆ. ಸ್ವಲ್ಪ ದಿನ ಹಾಡಿಸಿ ಹಾಡಿಸಿ ಪಳಗಿಸಬೇಕು. ಆಮೇಲೆ ನೋಡು ನಾದ."

ಈ ಮಾತನ್ನು ಬೇರೆ ಊರಿನಲ್ಲಿ ಹೇಳಿದ್ದರೆ ಯಾರಾದರೂ ಒಬ್ಬರು ಪ್ರಶ್ನೆ ಕೇಳುತ್ತಿದ್ದರೋ ಏನೋ. ನಮ್ಮ ಕಡೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆ ಜಗಲಿಯಲ್ಲಿ ಕುಳಿತವರಲ್ಲಿ ಹೊಸ ವಸ್ತುವನ್ನು ಪಳಗಿಸದೆ ಬಳಸಿದವರು ಒಬ್ಬರೂ ಇಲ್ಲ.

"ಹೌದು ಹೌದು" ಎಂದ ಶೇಖರ. "ಹೊಸ ಮದ್ದಳೆಗೆ ಮೇಳದ ಒಂದು ತಿರುಗಾಟ ಆದರೂ ಬೇಕು. ಅಲ್ಲಿವರೆಗೆ ಅದು ಮದ್ದಳೆ ಅಲ್ಲ, ಮರದ ತುಂಡು."

"ಹೊಸ ದೋಣಿಯನ್ನೂ ನೀರಲ್ಲಿ ನೆನೆಸಿ ಬಿಡುವುದಿಲ್ವಾ?" ಎಂದರು ಇನ್ನೊಬ್ಬರು.

"ಬಾಳೆಕಾಯಿಯನ್ನು ಹೊಗೆ ಹಾಕಿ ಹಣ್ಣು ಮಾಡುತ್ತೇವೆ" ಎಂದರು ಪುತ್ತುಬ್ಬ. "ಇದಕ್ಕೂ ಹೊಗೆ ಹಾಕಿದರೆ ಬೇಗ ಆಗಬಹುದು."

ಹೊಗೆಯ ಸಲಹೆಯನ್ನು ರಾಯರು ನಯವಾಗಿ ತಳ್ಳಿಹಾಕಿದರು. ಹಾಜಬ್ಬರು ಒಂದು ಕ್ಷಣ ಹೆಡ್‌ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಗಾದರೆ ಅಂಗಡಿಯಲ್ಲಿ ಇರುವುದನ್ನೂ ಪಳಗಿಸಿಯೇ ಮಾರುವುದು. ಹಸಿ ಮಾಲು ಮಾರಿ ಹೆಸರು ಕೆಡಿಸಿಕೊಳ್ಳುವುದು ಬೇಡ" ಎಂದರು. ಮಾತು ಇಷ್ಟು ದೂರ ಹೋಗುತ್ತದೆ ಎಂದು ರಾಯರು ಭಾವಿಸಿರಲಿಲ್ಲ. ಆದರೆ ಹೇಳಿದ ಮಾತನ್ನು ನುಂಗುವ ಅಭ್ಯಾಸ ಅವರಿಗಿರಲಿಲ್ಲ. ಹೌದೆಂದು ತಲೆ ಆಡಿಸಿದರು. ಜಗಲಿಯೂ ಆಡಿಸಿತು.

ಅಂಗಡಿಯ ಎದುರು ಒಂದು ಬೆಂಚು ಬಂತು. ಮೂರು ಟೇಪ್‌ರೆಕಾರ್ಡರ್ ಬಂದವು, ರಾಯರಿಗೆ ಕೊಟ್ಟ ಹೆಡ್‌ಫೋನೂ ಪಳಗಲು ಬಂತು. ಪಳಗಿಸಲು ತಲೆ ಬೇಕು, ತಲೆಗೆ ಕಾಪುವಿನಲ್ಲಿ ಕೊರತೆ ಇರಲಿಲ್ಲ. ಮಧ್ಯಾಹ್ನ ಊಟ ಮಾಡಿ ಬಂದವರು, ಬಸ್ಸು ತಪ್ಪಿದವರು, ಬಸ್ಸು ಬಂದರೂ ಹತ್ತದವರು ಎಲ್ಲ ಸರದಿಯಲ್ಲಿ ಹೆಡ್‌ಫೋನು ಹಾಕಿ ಕುಳಿತರು. ಶೇಖರ ಗುಳ್ಳದ ಬುಟ್ಟಿಯನ್ನು ಕಾಲ ಬಳಿ ಇಟ್ಟು ಯಕ್ಷಗಾನದ ಕ್ಯಾಸೆಟ್ಟಿನಲ್ಲಿ ಒಂದನ್ನು ಪಳಗಿಸಿದ. ಪುತ್ತುಬ್ಬರ ಕಡೆಯವರು ಮಾಪಿಳ್ಳೆ ಹಾಡಿನಲ್ಲಿ ಒಂದನ್ನು ಪಳಗಿಸಿದರು. ಬುಟ್ಟಿಯಿಂದ ಗುಳ್ಳ ಕೊಳ್ಳಲು ಬಂದ ಹೆಂಗಸರು ಬೆಂಚಿನ ಮುಂದೆ ನಿಂತು, ಶಬ್ದವಿಲ್ಲದೆ ತಲೆ ತೂಗುವ ಗಂಡಸರನ್ನು ನೋಡಿ, ಕ್ರಯ ಕೇಳದೆ ಹಿಂದೆ ಹೋದರು.

ಸಂಜೆ ಸಂಘದ ಕೆಲಸ ಮುಗಿಸಿ ರಾಯರು ಪರೀಕ್ಷೆಗೆ ಬರುತ್ತಿದ್ದರು. ಒಂದೊಂದನ್ನೇ ಹಾಕಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿ, "ಇನ್ನೂ ಹಸಿ" ಎನ್ನುತ್ತಿದ್ದರು. ಇದರಲ್ಲಿ ಮೋಸವೇನೂ ಇರಲಿಲ್ಲ. ಬಾವಿಯೊಳಗಿನ ಆ ಮನುಷ್ಯ ಒಂದು ಮೆಟ್ಟಲೂ ಮೇಲೆ ಬಂದಿರಲಿಲ್ಲ. ಬೆಂಚಿನವರನ್ನು ಕೇಳಿದರೆ ಅವರು ಮೊದಲು ರಾಯರ ಮುಖ ನೋಡಿ, "ಬರ್ತಾ ಉಂಟು, ಸ್ವಲ್ಪ ಸ್ವಲ್ಪ ಬರ್ತಾ ಉಂಟು" ಎನ್ನುತ್ತಿದ್ದರು.

ಮಣಿಪಾಲದಿಂದ ಗಿರಾಕಿಗಳು ನಿಜವಾಗಿ ಬಂದರು. ಸ್ಕೂಟರಿನಲ್ಲಿ ಬಂದ ಇಬ್ಬರು ಉಪನ್ಯಾಸಕರು ಹೆಡ್‌ಫೋನು ಕೇಳಿದರು.

"ಉಂಟು ಸಾರ್. ಆದರೆ ಈಗ ಕೊಡಲಿಕ್ಕೆ ಆಗುವುದಿಲ್ಲ" ಎಂದರು ಹಾಜಬ್ಬರು.

"ಯಾಕೆ?"

"ಪಳಗಲಿಲ್ಲ."

ಉಪನ್ಯಾಸಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಂಚನ್ನು ನೋಡಿದರು. ಸ್ಕೂಟರ್ ತಿರುಗಿಸಿ ಹೋದರು. ಮರುವಾರ ಉಡುಪಿಯಲ್ಲೆಲ್ಲ ಸುದ್ದಿ: ಕಾಪುವಿನ ಹಾಜಬ್ಬರಲ್ಲಿ ಹೆಡ್‌ಫೋನು ಉಂಟಂತೆ, ಆದರೆ ಅದು ಕೇಳುವುದಿಲ್ಲವಂತೆ.

ಈ ನಡುವೆ ಕಾರ್ಕಳದ ಹತ್ತಿರದ ಕುಕ್ಕುಂದೂರಿನಿಂದ ಬರ್ತಾ ಟೀಚರು ಬಂದರು. ಇಗರ್ಜಿಯಲ್ಲಿ ಹಾಡು ಕಲಿಸುವವರು. ಎರಡು ಬಸ್ಸು ಬದಲಿಸಿ ಬಂದದ್ದರಿಂದ ಬರಿಗೈಯಲ್ಲಿ ಹೋಗುವ ಮನಸ್ಸು ಅವರಿಗಿರಲಿಲ್ಲ. ಹಾಜಬ್ಬರು ಪಾಪ, ಹೆಚ್ಚು ದಿನ ಬೆಂಚಿನಲ್ಲಿದ್ದ ಒಂದನ್ನು ಕೈಗೆ ಕೊಟ್ಟರು. ಟೀಚರು ತಮ್ಮದೇ ಕ್ಯಾಸೆಟ್ಟು ಹಾಕಿ ಕೇಳಿದರು. ಮುಖ ಚಂದವಾಗುತ್ತಾ ಬಂತು. ಆಗ ಯಾರೋ, "ಅದು ಶೇಖರ ಪಳಗಿಸಿದ್ದು" ಎಂದರು.

ಟೀಚರು ಹೆಡ್‌ಫೋನು ಕಿತ್ತು ತೆಗೆದರು. "ಯಕ್ಷಗಾನದಲ್ಲಿ ಪಳಗಿಸಿದ್ದಾ? ಅದೇ ನಾನು ನೋಡಿದೆ. ದೇವರ ಹಾಡಿನ ಹಿಂದೆ ಎಲ್ಲಿಂದಲೋ ಮದ್ದಳೆ ಕೇಳ್ತಾ ಉಂಟು!"

"ನನ್ನ ಮದ್ದಳೆಗೆ ಎಂತ ಆಗಿದೆ ಟೀಚರೇ?" ಶೇಖರ ಬೆಂಚಿನಿಂದ ಎದ್ದ.

"ಮದ್ದಳೆ ಒಳ್ಳೆಯದೇ. ಆದರೆ ಕ್ರಿಸ್ಮಸಿನ ಹಾಡಿಗೆ ಬೇಡ. ನನಗೆ ಇಗರ್ಜಿಯ ಹಾಡಿನಲ್ಲಿ ಪಳಗಿಸಿದ್ದು ಬೇಕು."

ನ್ಯಾಯ ಹೇಳಲು ರಾಯರನ್ನು ಸಂಘದಿಂದ ಕರೆಸಿದರು. ರಾಯರು ಕಣ್ಣು ಮುಚ್ಚಿ ಕೇಳಿದರು. ಅವರಿಗೆ ದೇವರ ಹಾಡೂ ಕೇಳಲಿಲ್ಲ, ಮದ್ದಳೆಯೂ ಕೇಳಲಿಲ್ಲ. "ಟೀಚರು ಹೇಳುವುದರಲ್ಲಿ ಅರ್ಥ ಉಂಟು" ಎಂದರು. "ಮೀನು ಹುರಿದ ಕಾವಲಿಯಲ್ಲಿ ದೋಸೆ ಹೊಯ್ಯುತ್ತಾರಾ?"

ಆವತ್ತಿನಿಂದ ಅಂಗಡಿಯಲ್ಲಿ ಹೆಡ್‌ಫೋನಿಗೆ ಮೂರು ಕಪಾಟು ಆಯಿತು. ಯಕ್ಷಗಾನದಲ್ಲಿ ಪಳಗುತ್ತಿರುವುದು ಒಂದು, ಮಾಪಿಳ್ಳೆ ಹಾಡಿನದ್ದು ಒಂದು, ಇಗರ್ಜಿಯದ್ದು ಒಂದು. ಇಗರ್ಜಿಯದ್ದನ್ನು ಪಳಗಿಸಲು ಟೀಚರು ಶನಿವಾರ ಶನಿವಾರ ಕುಕ್ಕುಂದೂರಿನಿಂದ ಬಂದು ತಾವೇ ಕುಳಿತರು. ಕಾಪುವಿನಲ್ಲಿ ಮತಸೌಹಾರ್ದ ಚೆನ್ನಾಗಿತ್ತು, ಹೆಡ್‌ಫೋನು ಮಾತ್ರ ಒಂದೂ ಹೋಗಲಿಲ್ಲ.

ಇಷ್ಟು ಸಾಲದೆಂಬಂತೆ ಉಡುಪಿಯಿಂದ ಒಬ್ಬ ಇನ್ಸ್‌ಪೆಕ್ಟರು ಬಂದರು. ಯಾವ ಇಲಾಖೆ ಎಂದು ಯಾರೂ ಕೇಳಲಿಲ್ಲ. ಕಂಕುಳಲ್ಲಿ ಫೈಲು ಇತ್ತು, ನಮಗೆ ಅಷ್ಟು ಸಾಕು. ಅವರು ಕಪಾಟಿನಿಂದ ಒಂದು ಪೆಟ್ಟಿಗೆ ಎತ್ತಿದರು.

"ಇದು ಹೊಸತಾ?"

"ಹೊಸತು ಸಾರ್" ಎಂದರು ಹಾಜಬ್ಬರು.

"ಹೊಸತಾದರೆ ಪಳಗಿಲ್ಲ."

"ಪಳಗಿಲ್ಲ ಸಾರ್."

"ಪಳಗದೆ ಇದ್ದದ್ದು ಸರಿಯಾಗಿ ಕೇಳುವುದಿಲ್ಲ ಅಂತ ನೀವೇ ಗಿರಾಕಿಗಳಿಗೆ ಹೇಳಿದ್ದೀರಿ. ಸರಿಯಾಗಿ ಕೇಳದ ಮಾಲನ್ನು ಅಂಗಡಿಯಲ್ಲಿ ಇಡುವುದು ತಪ್ಪು."

"ಅದಕ್ಕೇ ಪಳಗಿಸುವುದು ಸಾರ್. ಇಗೊಳ್ಳಿ, ಇದು ಬಹುಪಾಲು ಪಳಗಿದ್ದು."

"ಪಳಗಿದ್ದು ಅಂದರೆ ಬಳಸಿದ್ದು. ಬಳಸಿದ್ದನ್ನು ಹೊಸತು ಅಂತ ಮಾರುವುದು ಅದಕ್ಕಿಂತ ದೊಡ್ಡ ತಪ್ಪು."

ಹಾಜಬ್ಬರು ತಲೆ ತುರಿಸಿದರು. "ಹಾಗಾದರೆ ಯಾವಾಗ ಮಾರುವುದು ಸಾರ್?"

ಇನ್ಸ್‌ಪೆಕ್ಟರು ಪ್ರಾಮಾಣಿಕರು. ಬೆಂಚಿನಲ್ಲಿ ಕುಳಿತು ಒಂದು ಸೋಡಾ ಕುಡಿಯುವಷ್ಟು ಹೊತ್ತು ಆಲೋಚಿಸಿದರು. ಹೊಸತನ ಹೋಗದೆ ಹಸಿತನ ಮಾತ್ರ ಹೋಗುವ ಒಂದು ಗಳಿಗೆ ನಡುವೆ ಎಲ್ಲೋ ಇರಬೇಕು, ಆದರೆ ಅದನ್ನು ಹಿಡಿಯುವುದು ಹೇಗೆ ಎಂದು ಅವರಿಗೂ ಹೊಳೆಯಲಿಲ್ಲ. ಕೊನೆಗೆ, "ಬುಧವಾರ ಬರುತ್ತೇನೆ. ಅಷ್ಟರಲ್ಲಿ ನಿಮ್ಮ ರಾಯರು ಇದು ಹೊಸತೋ ಹಳತೋ, ಒಳ್ಳೆಯದೋ ಅಲ್ಲವೋ ಅಂತ ಒಂದೇ ಮಾತಿನಲ್ಲಿ ಹೇಳಬೇಕು. ಇಲ್ಲದಿದ್ದರೆ ಇದನ್ನೆಲ್ಲ ಕಟ್ಟಿ ಒಳಗೆ ಇಡಿ" ಎಂದು ಹೇಳಿ ಹೋದರು.

ಪುತ್ತುಬ್ಬ ಅಳಿಯನನ್ನು ಬೈಯಲಿಲ್ಲ. "ವಿಮಾನ ಹತ್ತಲಿಕ್ಕೆ ಬೊಂಬಾಯಿಗೆ ಬಸ್ಸಿನಲ್ಲಿ ಸೀಟು ಹೇಳಲಾ?" ಎಂದು ಮಾತ್ರ ಕೇಳಿದರು. ಆ ಸಂಜೆ ಹಾಜಬ್ಬರು ಸೂಟ್‌ಕೇಸಿನ ಬೀಗಕ್ಕೆ ಎಣ್ಣೆ ಬಿಟ್ಟರು.

ಅದನ್ನು ನೋಡಿದ ಆಯಿಶಮ್ಮ ನೇರವಾಗಿ ರಾಯರ ಮನೆಗೆ ಬಂದು ನರ್ಮದಾ ಅವರ ಎದುರು ಕುಳಿತರು.

"ನರ್ಮದಕ್ಕ, ನನಗೆ ಸಿಟ್ಟು ಉಂಟು. ಮುಚ್ಚಿಟ್ಟುಕೊಂಡು ಬರಲಿಲ್ಲ. ನಿಮ್ಮ ಯಜಮಾನರು ಒಂದು ಮಾತು ಹೇಳಿದರು, ನಮ್ಮ ಯಜಮಾನರು ಸೂಟ್‌ಕೇಸಿಗೆ ಎಣ್ಣೆ ಬಿಡ್ತಾ ಇದ್ದಾರೆ. ಮಗಳು ಈಗಷ್ಟೇ ಬಾಪ ಅಂತ ಕರೀಲಿಕ್ಕೆ ಶುರು ಮಾಡಿದ್ದಾಳೆ. ನಾನು ಇನ್ನು ಎಷ್ಟು ವರ್ಷ ಕಾಗದ ಓದಿಸಿಕೊಂಡು ಕೂತುಕೊಳ್ಳುವುದು?"

ನರ್ಮದಾ ಜಗಲಿಯಲ್ಲಿದ್ದ ಗಂಡನನ್ನು, "ಹೋಯ್, ಇಲ್ಲಿ ಬನ್ನಿ" ಎಂದು ಕರೆದರು. ರಾಯರು ಅಲುಗಾಡಲಿಲ್ಲ. ಇನ್ನೊಮ್ಮೆ ಕರೆದರು. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲಿನವನು ಇಳಿದು ನಿಂತ, ರಾಯರು ಅಲುಗಾಡಲಿಲ್ಲ. ಅವರ ಪಕ್ಕದಲ್ಲಿ ರೇಡಿಯೋ ಅರಚುತ್ತಿತ್ತು. ಹಿಂದಿನ ದೀಪಾವಳಿಯಿಂದ ಈಚೆಗೆ ಆ ರೇಡಿಯೋದ ವಾರ್ತೆ ಪಕ್ಕದ ನಮ್ಮ ಮನೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ನಾವು ನಮ್ಮದರ ಬ್ಯಾಟರಿ ಬದಲಿಸುವುದನ್ನೇ ಬಿಟ್ಟಿದ್ದೆವು.

ನರ್ಮದಾ ಆಯಿಶಮ್ಮನ ಮುಖ ನೋಡಿದರು. ಆಯಿಶಮ್ಮ ನರ್ಮದಾ ಅವರ ಮುಖ ನೋಡಿದರು.

"ಅಕ್ಕ" ಎಂದರು ಆಯಿಶಮ್ಮ ಮೆಲ್ಲಗೆ, "ಇವರ ಕಿವಿ..."

"ಅದೇ ನಾನೂ ಆಲೋಚನೆ ಮಾಡುವುದು" ಎಂದರು ನರ್ಮದಾ. "ನನ್ನ ಮಾತು ಕೇಳದ ಹಾಗೆ ನಟಿಸುತ್ತಾರೆ ಅಂತ ಇಷ್ಟು ದಿನ ಗ್ರಹಿಸಿದ್ದೆ. ಕೆಲವು ಗಂಡಸರಿಗೆ ಅದು ಇರ್ತದಲ್ವಾ?"

ಕಾಪುವಿನ ಕಿವಿಯನ್ನು ಕಿವಿಯ ಡಾಕ್ಟರಿಗೆ ತೋರಿಸುವುದೆಂದರೆ ಸಣ್ಣ ಸಂಗತಿಯಲ್ಲ. ಹೇಳಿದರೆ ರಾಯರು ಬರುವವರೂ ಅಲ್ಲ. ಬುಧವಾರ ಬೆಳಗ್ಗೆ ನರ್ಮದಾ ಉಡುಪಿಯಲ್ಲಿ ಚಿಕ್ಕಮ್ಮನಿಗೆ ಹುಷಾರಿಲ್ಲ ಎಂದು ಹೇಳಿ ಗಂಡನನ್ನು ಬಸ್ಸು ಹತ್ತಿಸಿದರು. ಬಸ್ಸು ಉಡುಪಿ ದಾಟಿತು. "ಚಿಕ್ಕಮ್ಮ?" ಎಂದರು ರಾಯರು. "ಮಣಿಪಾಲಕ್ಕೆ ತಂದಿದ್ದಾರಂತೆ" ಎಂದರು ನರ್ಮದಾ, ಇಡೀ ಬಸ್ಸಿಗೆ ಕೇಳುವ ಹಾಗೆ. ಡಾಕ್ಟರ ಕೋಣೆಯ ಎದುರು ಕುಳಿತು ಗೋಡೆಯ ಮೇಲಿನ ದೊಡ್ಡ ಕಿವಿಯ ಚಿತ್ರ ನೋಡಿದಾಗಲೇ ರಾಯರಿಗೆ ಸಂಶಯ ಬಂದದ್ದು. ಅಷ್ಟರಲ್ಲಿ ಅವರ ಹೆಸರು ಕರೆದಾಗಿತ್ತು. ಅದೂ ಅವರಿಗೆ ಕೇಳಲಿಲ್ಲ, ನರ್ಮದಾ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಡಾಕ್ಟರು ಗಟ್ಟಿಯಾಗಿ ಕೇಳಿದರು: "ಯಾವಾಗಿನಿಂದ ಕಿವಿ ಸರಿಯಾಗಿ ಕೇಳುವುದಿಲ್ಲ?"

"ನನ್ನ ಕಿವಿಗೆ ಏನೂ ಆಗಿಲ್ಲ ಡಾಕ್ಟರೇ" ಎಂದರು ರಾಯರು. "ಇತ್ತೀಚೆಗೆ ಜನ ಸ್ವಲ್ಪ ಮೆಲ್ಲ ಮಾತಾಡ್ತಾ ಇದ್ದಾರೆ, ಅಷ್ಟೇ."

ಡಾಕ್ಟರು ಬೆಳಕು ಬಿಟ್ಟು ಬಲಗಿವಿಯೊಳಗೆ ನೋಡಿದರು. ಎಡಗಿವಿಯೊಳಗೆ ನೋಡಿದರು. ಮತ್ತೆ ಬಲಗಿವಿಗೆ ಬಂದರು. ಸಣ್ಣ ಇಕ್ಕುಳ ಹಾಕಿ, ಎಚ್ಚರಿಕೆಯಿಂದ ಎಳೆದು, ಏನನ್ನೋ ತೆಗೆದು ತಟ್ಟೆಯ ಮೇಲಿಟ್ಟರು. ಎಡಗಿವಿಯಿಂದಲೂ ಅಂಥದ್ದೇ ಒಂದು ಬಂತು. ಕಪ್ಪಾಗಿ, ಜಿಡ್ಡಾಗಿ, ಹತ್ತಿಯ ಉಂಡೆಯ ಹಾಗಿತ್ತು. ಡಾಕ್ಟರಿಗೆ ಅದೇನೆಂದು ತಿಳಿಯಲಿಲ್ಲ. ನರ್ಮದಾ ಅವರಿಗೆ ನೋಡಿದ ಕೂಡಲೇ ತಿಳಿಯಿತು.

"ಅಯ್ಯೋ, ಇದು ನನ್ನ ಹೂಬತ್ತಿ!"

ಸಂಗತಿ ಇಷ್ಟೇ. ದೀಪಾವಳಿಯ ಎಣ್ಣೆಸ್ನಾನದ ದಿನ ರಾಯರು ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡಿದ್ದರು. ಮುಚ್ಚಲು ಹತ್ತಿ ಸಿಗಲಿಲ್ಲ. ದೇವರ ಕೋಣೆಯಲ್ಲಿ ನರ್ಮದಾ ಹೊಸೆದಿಟ್ಟಿದ್ದ ಹೂಬತ್ತಿ ಇತ್ತು, ಕೆಳಗೆ ಉಂಡೆ, ಮೇಲೆ ಸಣ್ಣ ಜುಟ್ಟು. ಒಂದೊಂದು ಕಿವಿಗೆ ಒಂದೊಂದು ತುರುಕಿಕೊಂಡರು. ಸ್ನಾನವಾದ ಮೇಲೆ ಜುಟ್ಟು ಹಿಡಿದು ಎಳೆದರು. ಜುಟ್ಟು ಬಂತು. ಬತ್ತಿ ಬಂತೆಂದು ರಾಯರು ತಿಳಿದರು.

"ಆವತ್ತು ಎರಡು ಬತ್ತಿ ಕಡಿಮೆ ಇತ್ತು ಡಾಕ್ಟರೇ. ಇಲಿ ಕೊಂಡುಹೋಯಿತು ಅಂತ ಇಲಿಗೆ ಬೈದೆ" ಎಂದು ನರ್ಮದಾ ಆ ಎರಡು ಬತ್ತಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಡಾಕ್ಟರು ಬೆಚ್ಚಗಿನ ನೀರು ಹಾಯಿಸಿ ಕಿವಿ ತೊಳೆದು ಕಳಿಸಿದರು. ಹೊರಗೆ ಬಂದ ರಾಯರು ಮೊದಲು ಹೆದರಿದರು. ಕಾಗೆ ಕೂಗುತ್ತಿತ್ತು, ಚಪ್ಪಲಿ ಸದ್ದು ಮಾಡುತ್ತಿತ್ತು, ನರ್ಮದಾ ಅವರ ಬಳೆ ಸದ್ದು ಮಾಡುತ್ತಿತ್ತು. ಕಾಪುವಿನ ಬಸ್ಸು ಹತ್ತಿದ ಮೇಲೆ ಕಂಡಕ್ಟರನನ್ನು ಕರೆದು, "ಬಸ್ಸು ನಿಲ್ಲಿಸು ಮಾರಾಯ, ಅಡಿಯಲ್ಲಿ ಏನೋ ಮುರಿದಿದೆ" ಎಂದರು.

"ಏನೂ ಮುರಿಯಲಿಲ್ಲ ರಾಯರೇ. ಬೆಳಗ್ಗೆ ನೀವು ಬಂದ ಬಸ್ಸೇ ಇದು."

"ಇದು ಯಾವಾಗಲೂ ಹೀಗೆ ಶಬ್ದ ಮಾಡುತ್ತದಾ?"

"ಯಾವಾಗಲೂ" ಎಂದ ಕಂಡಕ್ಟರ. ಬಸ್ಸು ಕಾಪು ಮುಟ್ಟುವ ಮೊದಲು ರಾಯರು ಒಂದು ಉಪಾಯ ಮಾಡಿಕೊಂಡಿದ್ದರು. ತಮಗೆ ಬಂದ ಹೆಡ್‌ಫೋನನ್ನು ಹಾಕಿ ಕೇಳುವುದು, ಈಗ ಪಳಗಿತು ಎಂದು ಘೋಷಿಸುವುದು. ಅಂಗಡಿಯೂ ಉಳಿಯಿತು, ಕಿವಿಯ ಮಾನವೂ ಉಳಿಯಿತು. ಹೂಬತ್ತಿಯ ವಿಷಯ ಮನೆಯೊಳಗೆ ಇರಲಿ.

ಅಂಗಡಿಯ ಎದುರು ಜನ ತುಂಬಿದ್ದರು. ಇನ್ಸ್‌ಪೆಕ್ಟರು ಸ್ಟೂಲಿನ ಮೇಲೆ ಕುಳಿತಿದ್ದರು. ಬರ್ತಾ ಟೀಚರು ಶಾಲೆಗೆ ರಜೆ ಹಾಕಿ ಬಂದಿದ್ದರು. ಶೇಖರ, ಪುತ್ತುಬ್ಬ, ಬೆಂಚಿನ ಅಷ್ಟೂ ತಲೆಗಳು, ಪಕ್ಕದ ಬಾಗಿಲಲ್ಲಿ ಮಗಳ ಕೈ ಹಿಡಿದ ಆಯಿಶಮ್ಮ. ಹಾಜಬ್ಬರ ಮುಖ ಬಾಡಿತ್ತು. ರಾಯರು ಯಾರನ್ನೂ ನೋಡದೆ ಒಳಗೆ ಬಂದು, "ಕೊಡು ಹಾಜಬ್ಬ, ಕೇಳುವ" ಎಂದು ಕೈ ಚಾಚಿದರು.

ಹಾಜಬ್ಬರು ಟೇಪ್‌ರೆಕಾರ್ಡರಿಗೆ ಸಿಕ್ಕಿಸಿ ಕೊಟ್ಟರು. ರಾಯರು ಧರಿಸಿದರು. ಗುಂಡಿ ಒತ್ತಿದ ಕೂಡಲೇ ಅವರ ಮುಖ ಬದಲಾಯಿತು. ಬಾವಿಯ ಮೇಲಿನ ಹಲಗೆ ಯಾರೋ ತೆಗೆದಿದ್ದರು. ಹಾಡುವವರು ಮೆಟ್ಟಲು ಹತ್ತಿ ಬಂದು ಬಲಗಿವಿಯ ಹತ್ತಿರ ನಿಂತಿದ್ದರು, ಪಿಟೀಲು ಎಡಗಿವಿಯ ಹತ್ತಿರ. ನಡುವೆ ಹಾಡುವವರು ಉಸಿರು ಎಳೆದುಕೊಂಡದ್ದು ಸಹ ಕೇಳಿತು. ರಾಯರ ಕಣ್ಣಿನಲ್ಲಿ ನೀರು ಬಂತು. ಇದು ನಟನೆಯಲ್ಲ. ಅವರು ಉಪಾಯವನ್ನೇ ಮರೆತು ಕೂಗಿದರು:

"ಪಳಗಿತು! ಹಾಜಬ್ಬ, ಪಳಗಿತು ಮಾರಾಯ! ಇಷ್ಟು ದಿನ ಬೆಂಚಿನಲ್ಲಿ ಕೂತದ್ದು ವ್ಯರ್ಥ ಆಗಲಿಲ್ಲ. ಇಂಥ ನಾದ ನಾನು ಹುಟ್ಟಿದ ಮೇಲೆ ಕೇಳಲಿಲ್ಲ!"

ಜನ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಹಾಜಬ್ಬರ ಕೈ ಮಾತ್ರ ಗಲ್ಲದ ಮೇಲೆ ಇತ್ತು.

"ವಿಷ್ಣು" ಎಂದರು ಅವರು. "ನಿನ್ನದು ಬೆಂಚಿನಲ್ಲಿ ಶೇಖರನ ಹತ್ತಿರ ಉಂಟು. ಇದು ಬೆಂಚಿಗೆ ಬಂದದ್ದೇ ಇಲ್ಲ. ಈಗ ನೀನು ಕೈ ಚಾಚಿದಾಗ ಪೆಟ್ಟಿಗೆ ಒಡೆದು ಕೊಟ್ಟದ್ದು."

ಇನ್ಸ್‌ಪೆಕ್ಟರು ಸ್ಟೂಲಿನಿಂದ ಎದ್ದು ಪೆಟ್ಟಿಗೆ ನೋಡಿದರು. ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಜಬ್ಬರ ಕಾಲ ಬಳಿ ಬಿದ್ದಿತ್ತು. "ಹಾಗಾದರೆ ಇದು ಹೊಸತು" ಎಂದರು. "ಪಳಗಿಲ್ಲ. ಆದರೂ ಪಳಗಿದೆ. ಇದು ಹೇಗೆ?"

ರಾಯರು ಬಾಯಿ ತೆರೆಯುವ ಮೊದಲೇ ನರ್ಮದಾ ಚೀಲದಿಂದ ಕಾಗದದ ಪೊಟ್ಟಣ ತೆಗೆದು, ಬಿಚ್ಚಿ, ಗಾಜಿನ ಮೇಜಿನ ಮೇಲಿಟ್ಟರು.

"ಇನ್ಸ್‌ಪೆಕ್ಟರೇ, ಹೆಡ್‌ಫೋನಿನಲ್ಲಿ ಏನೂ ಹೆಚ್ಚುಕಡಿಮೆ ಇರಲಿಲ್ಲ. ಇದು ಇವರ ಕಿವಿಯೊಳಗೆ ಇತ್ತು. ಎರಡು ಕಡೆಯೂ. ದೀಪಾವಳಿಯಿಂದ."

ಎಲ್ಲರೂ ಬಗ್ಗಿ ನೋಡಿದರು. ಶೇಖರ, "ಆವತ್ತು ಸ್ಯಾಕ್ಸೋಫೋನಿನಿಂದ ಜಿರಳೆ ಬಂದ ಹಾಗೆ" ಎಂದ. ಯಾರೋ ನಕ್ಕರು. ಆಮೇಲೆ ರಸ್ತೆಯವರೆಗೂ ನಗು ಹೋಯಿತು. ರಾಯರು ಹೆಡ್‌ಫೋನು ತಲೆಯಿಂದ ಇಳಿಸಿ ಗೆಳೆಯನ ಕೈಯಲ್ಲಿಟ್ಟರು. ಅವರ ಮುಖ ಸಣ್ಣದಾಗಿತ್ತು.

"ಹಾಜಬ್ಬ, ನಿನಗೆ ನಷ್ಟ ಮಾಡಿದೆ. ಬೈಯುವುದಾದರೆ ಬೈ. ಈಗ ಕೇಳುತ್ತದೆ."

ಹಾಜಬ್ಬರು ಬೈಯಲಿಲ್ಲ. ಹೆಡ್‌ಫೋನಿನ ವಯರು ಸುತ್ತುತ್ತಾ, "ನನಗೆ ಮೊದಲ ದಿನವೇ ಚಂದ ಕೇಳಿತ್ತು" ಎಂದರು.

"ಎಂತ?"

"ನೀನು ಹಾಕುವ ಮೊದಲು ನಾನು ಹಾಕಿ ನೋಡಿದ್ದೆ ಅಲ್ವಾ? ಬಹಳ ಚಂದ ಕೇಳಿತ್ತು. ದುಬಾಯಿಯಲ್ಲಿ ಕೋಣೆಯಲ್ಲಿ ಎಂಟು ಜನ ಮಲಗುವುದು ಮಾರಾಯ. ಒಬ್ಬರ ನಿದ್ದೆ ಹಾಳಾಗಬಾರದು ಅಂತ ಇದನ್ನೇ ಹಾಕಿ ಊರಿನ ಹಾಡು ಕೇಳ್ತಾ ಇದ್ದೆ. ಇದರ ನಾದ ನನಗೆ ಗೊತ್ತಿಲ್ವಾ?"

"ಮತ್ತೆ ಹೇಳಬಾರದಿತ್ತಾ?"

"ನೀನು ಹಸಿ ಅಂದೆ. ನಿನ್ನ ಕಿವಿಯ ಎದುರು ನನ್ನ ಕಿವಿ ಎಷ್ಟರದ್ದು ಅಂತ ಸುಮ್ಮನಾದೆ."

ಶೇಖರ ಕೆಮ್ಮಿದ. "ನನಗೂ ಮೊದಲ ದಿನವೇ ಚಂದ ಕೇಳಿತ್ತು."

"ನನಗೆ ಮದ್ದಳೆ ಕೇಳಿದ್ದೇ ಇಲ್ಲ" ಎಂದರು ಬರ್ತಾ ಟೀಚರು ನೆಲ ನೋಡಿಕೊಂಡು. "ಯಾರೋ ಶೇಖರ ಪಳಗಿಸಿದ್ದು ಅಂದ ಮೇಲೆ ಕೇಳಿದ ಹಾಗೆ ಆಯಿತು."

ಬೆಂಚಿನವರು ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಇಡೀ ಕಾಪುವಿಗೆ ಚಂದ ಕೇಳಿತ್ತು. ಕೇಳದೆ ಇದ್ದದ್ದು ಒಬ್ಬರಿಗೆ, ಅವರನ್ನೇ ಎಲ್ಲರೂ ಕೇಳುತ್ತಿದ್ದದ್ದು.

ಇನ್ಸ್‌ಪೆಕ್ಟರು ತೀರ್ಪು ಕೊಟ್ಟರು. ಪೆಟ್ಟಿಗೆಯಲ್ಲಿ ಇದ್ದದ್ದು ಹೊಸತು, ಮಾರಬಹುದು. ಬೆಂಚಿನಲ್ಲಿ ಇದ್ದದ್ದು ಹಳತು, ಹೊಸತೆಂದು ಮಾರುವಂತಿಲ್ಲ. ಹೋಗುವಾಗ ಪೆಟ್ಟಿಗೆಯದ್ದು ಒಂದನ್ನು ತಾವೇ ಕೊಂಡು ಹೋದರು. ಹೆಡ್‌ಫೋನಿನ ಮೊದಲ ಗಿರಾಕಿ ಅವರು. ಎರಡನೆಯವರು ಬರ್ತಾ ಟೀಚರು, ಇಗರ್ಜಿಯ ಕಪಾಟಿನ ಹಳತನ್ನೇ ಕೇಳಿ ತೆಗೆದುಕೊಂಡರು. ಅಷ್ಟು ಶನಿವಾರ ಕುಳಿತ ಮೇಲೆ ಅದನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಸುದ್ದಿ ಮಣಿಪಾಲಕ್ಕೆ ಮುಟ್ಟಿತು. ಈ ಸಲದ ಸುದ್ದಿ ಬೇರೆ: ಕಾಪುವಿನ ಹಾಜಬ್ಬರ ಹೆಡ್‌ಫೋನು ಕಿವುಡರಿಗೂ ಕೇಳುತ್ತದಂತೆ. ಸ್ಕೂಟರಿನ ಉಪನ್ಯಾಸಕರು ಮತ್ತೆ ಬಂದರು, ಜೊತೆಗೆ ಇನ್ನೂ ನಾಲ್ಕು ಸ್ಕೂಟರು ಬಂತು.

ಮಳೆ ಹಿಡಿಯುವ ಮೊದಲು ಇದ್ದ ಮಾಲು ಮುಗಿದು ಹೊಸ ಮಾಲಿನ ಮಾತು ಆಗುತ್ತಿತ್ತು. ವೀಸಾ ಮುಗಿಯುವ ದಿನ ಪುತ್ತುಬ್ಬ ಅಳಿಯನ ಅಂಗಡಿಗೆ ಒಂದು ಬಾಳೆಗೊನೆ ತಂದು ತೂಗುಹಾಕಿದರು. ಬಸ್ಸಿನ ಸೀಟಿನ ಮಾತು ಎತ್ತಲಿಲ್ಲ. ಆಯಿಶಮ್ಮ ಆವತ್ತೇ ಬಾಗಿಲ ಪಕ್ಕದ ಸೂಟ್‌ಕೇಸನ್ನು ತೆರೆದು, ಒಳಗೆ ಚಳಿಗಾಲದ ಹೊದಿಕೆ ತುಂಬಿ, ತಾವೇ ಅಟ್ಟಕ್ಕೆ ಏರಿಸಿದರು. ಕೆಳಗೆ ಏಣಿ ಹಿಡಿದದ್ದು ಜುಬೈದಾ ಮತ್ತು ಅವಳ ಬಾಪ.

ರಾಯರು ಸ್ವಲ್ಪ ದಿನ ಮನೆಯಿಂದ ಸಂಘ, ಸಂಘದಿಂದ ಮನೆ ಎಂದು ಇದ್ದರು. ಅವರ ರೇಡಿಯೋ ನಮಗೆ ಕೇಳುವುದು ನಿಂತು, ನಾವು ಬ್ಯಾಟರಿ ಕೊಂಡೆವು. ಆಮೇಲೆ ಉಡುಪಿಯಲ್ಲಿ ಸಂಘದ ಅಧ್ಯಕ್ಷರ ಮಗಳ ಮದುವೆ ಬಂತು, ಹೋಗದೆ ನಿರ್ವಾಹ ಇರಲಿಲ್ಲ. ರಾಯರು ಹಾಜಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರು. ಸ್ಯಾಕ್ಸೋಫೋನು ಶುರುವಾಯಿತು. ಅಷ್ಟೆಲ್ಲ ಆದ ಮೇಲೂ ಜನ ಅಭ್ಯಾಸಬಲದಿಂದ ರಾಯರ ತಲೆಯ ಕಡೆಗೆ ತಿರುಗಿ ನೋಡಿದರು.

ರಾಯರು ತಲೆ ಆಡಿಸಲಿಲ್ಲ. ಪಕ್ಕಕ್ಕೆ ಬಾಗಿದರು.

"ಹಾಜಬ್ಬ, ನಿನಗೆ ಹೇಗೆ ಕೇಳುತ್ತದೆ?"

ಹಾಜಬ್ಬರಿಗೆ ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವರು ಟೊಪ್ಪಿ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಆ ಹಾಡು ಮುಗಿಯುವವರೆಗೂ ಕೇಳಿದರು.

"ಚಂದ ಉಂಟು ಮಾರಾಯ" ಎಂದರು.

"ನನಗೂ" ಎಂದರು ರಾಯರು.